ಗ್ಯಾಸ್ ಸಿಲಿಂಡರ್‌ಗೆ ‘ಎಕ್ಸ್‌ಪೈರಿ ಡೇಟ್’ ಇದೆಯೇ? ಮನೆ, ಆಟೊ, ಪ್ರವಾಸದ ವಾಹನ: ಹಳೆಯ ಸಿಲಿಂಡರ್‌ಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

‘ನಿಮ್ಮ ಮನೆಯ ಗ್ಯಾಸ್ ಸಿಲಿಂಡರ್ ಎಕ್ಸ್‌ಪೈರ್ ಆಗಿರಬಹುದು, ಈಗಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಯಾವಾಗ ಬೇಕಾದರೂ ಸಿಡಿಯಬಹುದು’ ಎಂಬರ್ಥದ ಸಂದೇಶ ಹಲವು ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ ಎರಡು ಪ್ರಶ್ನೆ ಕೇಳಿದ್ದಾರೆ. ಮೊದಲನೆಯದು, ಮನೆಯಲ್ಲಿರುವ ಸಿಲಿಂಡರ್‌ನ ದಿನಾಂಕ ಮುಗಿದಿದ್ದರೆ ಅದನ್ನು ಬಳಸಬಹುದೇ? ಎರಡನೆಯದು, ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಟಿಟಿ ಮಾಡಿಕೊಂಡು ತಿರುಪತಿಗೆ ಹೋಗುವಾಗ ದಾರಿಯಲ್ಲಿ ಅಡುಗೆ ಮಾಡಲು ಸ್ಟೌ ಜೊತೆ ಒಂದು ಹಳೆಯ ಸಿಲಿಂಡರ್ ಒಯ್ಯುತ್ತಾರೆ. ಅದು ಸುರಕ್ಷಿತವೇ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಸಿಲಿಂಡರ್ ಮೇಲಿರುವುದು ಎಕ್ಸ್‌ಪೈರಿ ಡೇಟ್ ಅಲ್ಲ, ಮುಂದಿನ ಪರೀಕ್ಷೆ ನಡೆಯಬೇಕಾದ ದಿನಾಂಕ. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯವಾದ ಪ್ರಶ್ನೆ, ಅದರ ಉತ್ತರವೂ ಸ್ವಲ್ಪ ಉದ್ದ. ಎರಡನ್ನೂ ಒಂದೊಂದಾಗಿ ನೋಡೋಣ.

ಆ ಅಕ್ಷರ ಮತ್ತು ಅಂಕಿಯ ಅರ್ಥವೇನು?

ಸಿಲಿಂಡರ್‌ನ ಮೇಲ್ಭಾಗದಲ್ಲಿ, ಹಿಡಿಯುವ ಬಳೆಗೆ ಆಧಾರವಾಗಿ ಮೂರು ಕಬ್ಬಿಣದ ಪಟ್ಟಿಗಳಿರುತ್ತವೆ. ಅವುಗಳಲ್ಲಿ ಒಂದರ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ ಬರೆದಿರುತ್ತಾರೆ. ಅಕ್ಷರವು ವರ್ಷದ ಮೂರು ತಿಂಗಳ ಅವಧಿಯನ್ನು ಸೂಚಿಸುತ್ತದೆ.

ಎ: ಜನವರಿಯಿಂದ ಮಾರ್ಚ್
ಬಿ: ಏಪ್ರಿಲ್‌ನಿಂದ ಜೂನ್
ಸಿ: ಜುಲೈಯಿಂದ ಸೆಪ್ಟೆಂಬರ್
ಡಿ: ಅಕ್ಟೋಬರ್‌ನಿಂದ ಡಿಸೆಂಬರ್

ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಉದಾಹರಣೆಗೆ ‘ಸಿ 27’ ಎಂದಿದ್ದರೆ, ಆ ಸಿಲಿಂಡರ್ 2027ರ ಸೆಪ್ಟೆಂಬರ್ ಒಳಗೆ ಪರೀಕ್ಷೆಗೆ ಹೋಗಬೇಕು ಎಂದರ್ಥ. ಅಡುಗೆ ಅನಿಲದ ಹೊಸ ಸಿಲಿಂಡರ್‌ಗೆ ತಯಾರಾದ 10 ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ 5 ವರ್ಷಕ್ಕೊಮ್ಮೆ ಪರೀಕ್ಷೆ ನಡೆಯುತ್ತದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಇದಕ್ಕೆ ಆಧಾರ. ಇವುಗಳ ಉಸ್ತುವಾರಿ ನಾಗ್ಪುರದಲ್ಲಿ ಪ್ರಧಾನ ಕಚೇರಿ ಇರುವ ‘ಪೆಸೊ’ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯದ್ದು.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ?

ಖಾಲಿ ಸಿಲಿಂಡರ್‌ಗಳು ಏಜೆನ್ಸಿಯಿಂದ ಬಾಟ್ಲಿಂಗ್ ಘಟಕಕ್ಕೆ ಮರಳುತ್ತವೆ. ಅಲ್ಲಿ ಅವಧಿ ಮುಗಿದವನ್ನು ಬೇರ್ಪಡಿಸಿ, ವಾಲ್ವ್ ಬಿಚ್ಚಿ, ಒಳಗೆ ಹೊರಗೆ ಪರಿಶೀಲಿಸುತ್ತಾರೆ. ನಂತರ ನೀರು ತುಂಬಿಸಿ ಚದರ ಸೆಂಟಿಮೀಟರ್‌ಗೆ ಸುಮಾರು 25 ಕಿಲೋಗ್ರಾಂನಷ್ಟು ಒತ್ತಡ ಕೊಡುತ್ತಾರೆ. ಕಾರಿನ ಟೈರಿನ ಒತ್ತಡ ಇದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೇಸಿಗೆಯ ದಿನ ಮನೆಯ ಸಿಲಿಂಡರ್ ಒಳಗಿರುವ ಒತ್ತಡವೂ ಸಾಮಾನ್ಯವಾಗಿ ಇದರ ಅರ್ಧವನ್ನು ಮುಟ್ಟುವುದಿಲ್ಲ. ಇಷ್ಟು ಒತ್ತಡದಲ್ಲಿ ಬೆಸುಗೆಯ ಬಳಿ ನೀರು ಜಿನುಗಿದರೆ ಅಥವಾ ತಗಡು ಉಬ್ಬಿದರೆ ಸಿಲಿಂಡರ್ ಫೇಲ್.

ಗಾಳಿಯ ಬದಲು ನೀರನ್ನೇ ಬಳಸಲು ಕಾರಣವಿದೆ. ಒತ್ತಡ ಹಾಕಿದರೂ ನೀರು ಹೆಚ್ಚು ಕುಗ್ಗುವುದಿಲ್ಲ. ಹಾಗಾಗಿ ಸಿಲಿಂಡರ್ ಬಿರಿದರೂ ನೀರು ಚೆಲ್ಲುತ್ತದೆ ಅಷ್ಟೇ. ಗಾಳಿಯಾಗಿದ್ದರೆ ಅದೇ ಬಾಂಬಿನಂತೆ ಸಿಡಿಯುತ್ತಿತ್ತು.

ಖಾಲಿ ಸಿಲಿಂಡರ್‌ನ ತೂಕವನ್ನೂ ನೋಡುತ್ತಾರೆ. ತುಕ್ಕು ಹಿಡಿದರೆ ಕಬ್ಬಿಣ ಸವೆದು ತೂಕ ಇಳಿಯುತ್ತದೆ. ಮೂಲ ತೂಕದಲ್ಲಿ ಶೇ 5ಕ್ಕಿಂತ ಹೆಚ್ಚು ಕಡಿಮೆಯಾದ ಸಿಲಿಂಡರನ್ನು ಚಪ್ಪಟೆ ಮಾಡಿ ಅಥವಾ ತುಂಡರಿಸಿ ನಾಶಪಡಿಸಬೇಕು ಎಂಬುದು ನಿಯಮ. ಪಾಸಾದದ್ದಕ್ಕೆ ಹೊಸ ದಿನಾಂಕ ಹಾಕಿ ಮತ್ತೆ ಬಳಕೆಗೆ ಬಿಡುತ್ತಾರೆ. ಆದ್ದರಿಂದ ಸಿಲಿಂಡರ್ ಎಷ್ಟು ಹಳೆಯದು ಎನ್ನುವುದಕ್ಕಿಂತ ಕೊನೆಯ ಪರೀಕ್ಷೆ ಸಮಯಕ್ಕೆ ಸರಿಯಾಗಿ ಆಗಿದೆಯೇ ಎನ್ನುವುದು ಮುಖ್ಯ.

ದಿನಾಂಕ ಮೀರಿದ ಕೂಡಲೇ ಸಿಡಿಯುತ್ತದೆಯೇ?

ಇಲ್ಲ. ಪರೀಕ್ಷೆಯ ಅವಧಿ ಮೀರಿದ ಸಿಲಿಂಡರ್‌ಗೆ ಅನಿಲ ತುಂಬಿಸಬಾರದು ಎಂಬುದು ನಿಯಮದ ತಿರುಳು. ಅವಧಿಯೊಳಗೆ ಮನೆಗೆ ಬಂದ ಸಿಲಿಂಡರ್‌ನ ದಿನಾಂಕ ಮನೆಯಲ್ಲಿರುವಾಗ ದಾಟಿದರೆ ಹೆದರಬೇಕಿಲ್ಲ. ಅದನ್ನು ಬಳಸಿ ಮುಗಿಸಿ, ವರ್ಷಗಟ್ಟಲೆ ಇಟ್ಟುಕೊಳ್ಳದೆ ಹಿಂತಿರುಗಿಸಿ. ಆದರೆ ಡೆಲಿವರಿ ಕೊಡುವಾಗಲೇ ದಿನಾಂಕ ಮುಗಿದಿರುವುದು ಕಂಡರೆ ತೆಗೆದುಕೊಳ್ಳಬೇಡಿ, ಬೇರೆ ಕೊಡಿ ಎಂದು ಕೇಳಿ. ಅದು ನಿಮ್ಮ ಹಕ್ಕು. ತೂಕ ಮತ್ತು ಸೋರಿಕೆಯನ್ನು ನಿಮ್ಮೆದುರೇ ಪರೀಕ್ಷಿಸಿ ಕೊಡುವುದೂ ಡೆಲಿವರಿಯವರ ಕೆಲಸ.

ಹೆಚ್ಚಿನ ಅವಘಡಗಳಲ್ಲಿ ಸೋರಿದ ಅನಿಲಕ್ಕೆ ಮೊದಲು ಕಿಡಿ ತಗಲುತ್ತದೆ. ಸಿಲಿಂಡರ್ ಸಿಡಿದರೂ ಅದು ಸಾಮಾನ್ಯವಾಗಿ ಆ ಬೆಂಕಿಯಲ್ಲಿ ಕಾದ ನಂತರ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ತಂಗಿದ್ದ ಕಡೆ ರಾತ್ರಿ ಸೋರಿದ ಅನಿಲಕ್ಕೆ ಬೆಂಕಿ ಹೊತ್ತಿಕೊಂಡು 9 ಮಂದಿ ಗಾಯಗೊಂಡರು. ಅವರಲ್ಲಿ ಹೆಚ್ಚಿನವರು ಬದುಕಿ ಉಳಿಯಲಿಲ್ಲ. ಸಾಮಾನ್ಯವಾಗಿ ಸೋರಿಕೆ ಆಗುವುದು ಸವೆದ ರಬ್ಬರ್ ವಾಶರ್, ಬಿರುಕು ಬಿಟ್ಟ ಪೈಪ್ ಅಥವಾ ಸರಿಯಾಗಿ ಕೂರದ ರೆಗ್ಯುಲೇಟರ್ ಬಳಿ. ವಾಟ್ಸ್‌ಆ್ಯಪ್ ಸಂದೇಶ ಇವುಗಳ ಬಗ್ಗೆ ಏನೂ ಹೇಳುವುದಿಲ್ಲ.

ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಸಿಲಿಂಡರ್‌ಗಳು

ಹಾಗಾದರೆ ದಿನಾಂಕ ನೋಡುವುದೇ ಬೇಡವೇ? ನೋಡಲೇಬೇಕು. ಏಕೆಂದರೆ ಈ ವ್ಯವಸ್ಥೆ ನಿಂತಿರುವುದು ಸಿಲಿಂಡರ್ ಸುತ್ತುತ್ತಿರುವುದರ ಮೇಲೆ. ನೀವು ಖಾಲಿ ಸಿಲಿಂಡರ್ ಕೊಟ್ಟು ತುಂಬಿದ್ದನ್ನು ಪಡೆಯುತ್ತೀರಿ. ಸಿಲಿಂಡರ್ ನಿಮ್ಮ ಸ್ವಂತದ್ದಲ್ಲ, ಠೇವಣಿಯ ಮೇಲೆ ಕಂಪನಿ ನಿಮಗೆ ಕೊಟ್ಟಿರುವುದು. ಘಟಕಕ್ಕೆ ಮರಳಿದಾಗಲೆಲ್ಲ ಯಾರಾದರೂ ಅದನ್ನು ನೋಡುತ್ತಾರೆ. ಈ ಸುತ್ತಿನಿಂದ ಹೊರಗೆ ಉಳಿದ ಸಿಲಿಂಡರನ್ನು ಮಾತ್ರ ಯಾರೂ ನೋಡುವುದಿಲ್ಲ. ಅಂಥವು ಸಾಮಾನ್ಯವಾಗಿ ಮೂರು ಬಗೆ.

ಒಂದು, ‘ಸಮಯಕ್ಕೆ ಇರಲಿ’ ಎಂದು ಮೂಲೆಯಲ್ಲಿಟ್ಟ ಸಿಲಿಂಡರ್. ಹಳ್ಳಿಗಳಲ್ಲಿ ಸೌದೆ ಒಲೆಯೂ ಉರಿಯುವ ಮನೆಗಳಲ್ಲಿ ಒಂದು ಸಿಲಿಂಡರ್ ಬಹಳ ಕಾಲ ಬರುತ್ತದೆ. ಬಚ್ಚಲ ಪಕ್ಕ ಅಥವಾ ಒದ್ದೆ ನೆಲದ ಮೇಲಿಟ್ಟರೆ ತಳದ ಬಳೆಯ ಸುತ್ತ ತುಕ್ಕು ಹಿಡಿಯುತ್ತದೆ.

ಎರಡು, ಅಂಗಡಿಗಳಲ್ಲಿ ಮಾರುವ, ಗುರುತು ಪರಿಚಯವಿಲ್ಲದ ಚಿಕ್ಕ ಸಿಲಿಂಡರ್. ಇವನ್ನು ಯಾವ ಘಟಕವೂ ಹಿಂಪಡೆಯುವುದಿಲ್ಲ. ದೊಡ್ಡ ಸಿಲಿಂಡರ್‌ನಿಂದ ಪೈಪ್ ಹಾಕಿ ಕೈಯಿಂದಲೇ ತುಂಬಿಸಿಕೊಡುತ್ತಾರೆ. ಇದು ಕಾನೂನುಬಾಹಿರ, ಜೊತೆಗೆ ಬಹಳ ಅಪಾಯಕಾರಿ. ಮನೆಯ ಸಿಲಿಂಡರ್‌ನಲ್ಲಿ ಸುಮಾರು 33 ಲೀಟರ್ ಜಾಗವಿದೆ. ಅದರಲ್ಲಿ ತುಂಬುವ 14.2 ಕಿಲೋ ದ್ರವ ಅನಿಲ ಸುಮಾರು 26 ಲೀಟರ್ ಜಾಗ ಹಿಡಿಯುತ್ತದೆ. ಉಳಿದ ಜಾಗವನ್ನು ಬೇಕೆಂದೇ ಬಿಟ್ಟಿರುತ್ತಾರೆ, ಬಿಸಿಲಿಗೆ ದ್ರವ ಹಿಗ್ಗುತ್ತದೆ ಎಂದು. ಅಂದಾಜಿನಲ್ಲಿ ಕತ್ತಿನವರೆಗೆ ತುಂಬಿಸಿದ ಸಿಲಿಂಡರ್‌ನಲ್ಲಿ ಹಿಗ್ಗಲು ಜಾಗವೇ ಇರುವುದಿಲ್ಲ. ಆಗ ಸಿಲಿಂಡರ್ ನಿಜವಾಗಿಯೂ ಬಿರಿಯಬಹುದು.

ಮೂರು, ವಾಹನದಲ್ಲಿರುವ ಸಿಲಿಂಡರ್ ಮತ್ತು ಟ್ಯಾಂಕ್. ಇಲ್ಲಿ ಓದುಗರ ಎರಡನೇ ಪ್ರಶ್ನೆಗೆ ಬರೋಣ.

ವಾಹನದೊಳಗೆ ಲೆಕ್ಕವೇ ಬೇರೆ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲಿ, ಸೀಟುಗಳ ಕೆಳಗೆ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಸುಮಾರು ಶೇ 2ರಷ್ಟು ಬೆರೆತರೂ ಒಂದು ಕಿಡಿ ಸಾಕು. 12 ಘನ ಮೀಟರ್ ಒಳಜಾಗವಿರುವ, ಗಾಜು ಮುಚ್ಚಿದ ವಾಹನವನ್ನು ಊಹಿಸಿಕೊಳ್ಳಿ. ಅಲ್ಲಿ ಶೇ 2 ಎಂದರೆ ಸುಮಾರು ಅರ್ಧ ಕಿಲೋ ಅನಿಲ. ನೆಲದ ಬಳಿ ದಟ್ಟವಾಗುವುದರಿಂದ ಅದಕ್ಕಿಂತ ಕಡಿಮೆಯೇ ಸಾಕಾಗಬಹುದು. ಸೆಲ್ಫ್ ಹಾಕುವಾಗಿನ ಕಿಡಿ, ಲೈಟಿನ ಸ್ವಿಚ್, ಒಂದು ಬೆಂಕಿಕಡ್ಡಿ, ಯಾವುದರಿಂದ ಬೇಕಾದರೂ ಹೊತ್ತಿಕೊಳ್ಳಬಹುದು.

ಇದರ ಜೊತೆಗೆ ರಸ್ತೆಯ ಕುಲುಕಾಟಕ್ಕೆ ರೆಗ್ಯುಲೇಟರ್ ಸಡಿಲವಾಗುತ್ತದೆ. ಜಾಗ ಸಾಲದೆಂದು ಸಿಲಿಂಡರನ್ನು ಅಡ್ಡ ಮಲಗಿಸುವವರೂ ಇದ್ದಾರೆ. ನೇರವಾಗಿ ನಿಂತಾಗ ವಾಲ್ವ್ ಬಳಿ ಆವಿ ಮಾತ್ರ ಇರುತ್ತದೆ. ಮಲಗಿಸಿದರೆ ದ್ರವವೇ ವಾಲ್ವ್‌ಗೆ ಬರುತ್ತದೆ. ಸೋರಿದ ದ್ರವ ಇನ್ನೂರು ಪಟ್ಟಿಗೂ ಹೆಚ್ಚು ಹಿಗ್ಗಿ ಅನಿಲವಾಗುತ್ತದೆ.

2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಬಿದ್ದು 9 ಮಂದಿ ಸತ್ತರು. ಅವರು ಲಖನೌದಿಂದ ಬಂದ ಯಾತ್ರಿಕರ ತಂಡದವರು. ನಿಷೇಧವಿದ್ದರೂ ಬೋಗಿಯೊಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರ್ ಅವಘಡಕ್ಕೆ ಕಾರಣ ಎಂದು ರೈಲ್ವೆ ಹೇಳಿತು. ಮನೆಯ ಅಡುಗೆಯನ್ನೇ ಉಣ್ಣುತ್ತಾ ದೇವಸ್ಥಾನ ಸುತ್ತಿಬರುವ ಆಸೆ ಅವರದ್ದೂ ನಮ್ಮದೂ ಒಂದೇ. ಮುಚ್ಚಿದ ಜಾಗದ ಅಪಾಯವೂ ಒಂದೇ.

ಆಟೊ, ಕಾರು ಮತ್ತು ಮೋಟರ್‌ಹೋಮ್

ಎಲ್‌ಪಿಜಿಯಿಂದ ಓಡುವ ಆಟೊಗಳಲ್ಲಿ ಇರುವುದು ಅಡುಗೆಮನೆಯ ಸಿಲಿಂಡರ್ ಅಲ್ಲ. ಆ ಟ್ಯಾಂಕ್‌ಗೆ ಶೇ 80ರಷ್ಟು ತುಂಬಿದ ಕೂಡಲೇ ತಾನಾಗಿ ನಿಲ್ಲುವ ವಾಲ್ವ್ ಇರುತ್ತದೆ. ಹಳೆಯ ವ್ಯಾನ್‌ಗಳನ್ನು ಮನೆಯ ಸಿಲಿಂಡರ್ ಇಟ್ಟು ಓಡಿಸುವುದು ಅಪರಾಧ ಮಾತ್ರವಲ್ಲ, ಈ ರಕ್ಷಣೆಗಳೆಲ್ಲವನ್ನೂ ಕಿತ್ತುಹಾಕಿದಂತೆ.

ಆದರೆ ವಾಹನದ ಟ್ಯಾಂಕ್ ಯಾವ ಘಟಕಕ್ಕೂ ಮರಳುವುದಿಲ್ಲ, ಬಂಕಿನಲ್ಲಿ ಅದಕ್ಕೇ ಮತ್ತೆ ಮತ್ತೆ ತುಂಬಿಸುತ್ತೇವೆ. ಆದ್ದರಿಂದ ಪರೀಕ್ಷೆ ಮಾಡಿಸುವ ಹೊಣೆ ಮಾಲೀಕರದ್ದು. ಆಟೊ ಎಲ್‌ಪಿಜಿ ಟ್ಯಾಂಕ್‌ಗೆ 5 ವರ್ಷಕ್ಕೊಮ್ಮೆ, ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ಸಿಎನ್‌ಜಿಗೆ ಅವಧಿ ಕಡಿಮೆ ಇರಲು ಕಾರಣ ಸ್ಪಷ್ಟ. ಅದನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ, ಅಡುಗೆ ಅನಿಲದ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕಾರು ಅಥವಾ ಗ್ಯಾಸ್ ಆಟೊ ಕೊಳ್ಳುವವರು ಆರ್‌ಸಿ, ಇನ್ಶೂರೆನ್ಸ್ ಜೊತೆಗೆ ಪೆಸೊ ಮಾನ್ಯತೆ ಪಡೆದ ಕೇಂದ್ರದ ಪರೀಕ್ಷಾ ಪತ್ರವನ್ನೂ ಕೇಳಬೇಕು.

ಅಡುಗೆಮನೆ, ಹಾಸಿಗೆ ಎಲ್ಲವನ್ನೂ ಹೊತ್ತ ಮೋಟರ್‌ಹೋಮ್‌ಗಳು ಯುರೋಪಿನಲ್ಲಿ ಹೆಚ್ಚು. ಜರ್ಮನಿಯಲ್ಲಿ ಇಂಥ ವಾಹನದ ಇಡೀ ಅನಿಲ ವ್ಯವಸ್ಥೆಯನ್ನು 2 ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. 2025ರ ಜೂನ್‌ನಿಂದ ಇದು ಕಾನೂನಿನ ಪ್ರಕಾರವೇ ಕಡ್ಡಾಯ. ಪೈಪ್ ಮತ್ತು ರೆಗ್ಯುಲೇಟರನ್ನೂ ನಿಗದಿತ ಅವಧಿಗೆ ಬದಲಿಸಬೇಕು. ಟ್ಯಾಂಕ್ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಜೋಡಿಸಿದ ರಬ್ಬರ್ ಬೇಗ ಹಾಳಾಗುತ್ತದೆ ಎಂಬುದು ಇದರ ಹಿಂದಿನ ಅರಿವು. ನಮ್ಮಲ್ಲೂ ಮನೆಯ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಪೈಪ್ ಮೇಲೆ ಮುದ್ರಿಸಿರುವ ದಿನಾಂಕವನ್ನು ಇವತ್ತೇ ಒಮ್ಮೆ ನೋಡಿ.

ಪ್ರವಾಸಕ್ಕೆ ಹೊರಡುವ ಮುನ್ನ

ಅಡುಗೆಯನ್ನು ಮನೆಯಿಂದ ಕಟ್ಟಿಕೊಂಡು ಹೋಗುವುದು ಅಥವಾ ತಂಗುವ ಛತ್ರದಲ್ಲಿ ವ್ಯವಸ್ಥೆ ಕೇಳಿಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ಜನ ಕೂತ ವಾಹನದಲ್ಲಿ ಸಿಲಿಂಡರ್ ಒಯ್ಯದಿರುವುದೇ ಒಳ್ಳೆಯದು ಎಂಬುದು ನಮ್ಮ ಸಲಹೆ. ರೈಲಿನಲ್ಲಂತೂ ಒಯ್ಯುವಂತೆಯೇ ಇಲ್ಲ. ರಸ್ತೆ ಪ್ರಯಾಣದಲ್ಲಿ ಒಯ್ಯಲೇಬೇಕಾಗಿ ಬಂದವರು ಕನಿಷ್ಠ ಇಷ್ಟನ್ನು ಪಾಲಿಸಬೇಕು.

1. ಅವಧಿ ಮುಗಿದ, ತುಕ್ಕು ಹಿಡಿದ, ನಗ್ಗಿದ ಸಿಲಿಂಡರ್ ಬೇಡ. ಗುರುತಿಲ್ಲದ ಚಿಕ್ಕ ಸಿಲಿಂಡರ್ ಬೇಡವೇ ಬೇಡ. ತೈಲ ಕಂಪನಿಗಳ 5 ಕಿಲೋ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲೇ ಸಿಗುತ್ತದೆ. ಅದು ಪರೀಕ್ಷೆಯ ಸುತ್ತಿನಲ್ಲಿರುತ್ತದೆ.
2. ವಾಹನ ಓಡುವಾಗ ರೆಗ್ಯುಲೇಟರ್ ಬಿಚ್ಚಿ, ದಾರ ಕಟ್ಟಿದ ಸೇಫ್ಟಿ ಕ್ಯಾಪ್ ಹಾಕಿ. ಸಿಲಿಂಡರನ್ನು ನಿಲ್ಲಿಸಿ, ಉರುಳದಂತೆ ಕಟ್ಟಿ, ಗಾಳಿಯಾಡುವ ಕಡೆ ಇಡಿ.
3. ವಾಹನದ ಒಳಗೆ ಒಲೆ ಹಚ್ಚಬೇಡಿ. ಇಳಿದು, ವಾಹನದಿಂದ ದೂರ, ಬಯಲಿನಲ್ಲಿ ಅಡುಗೆ ಮಾಡಿ. ಚಳಿಗೆಂದು ಮುಚ್ಚಿದ ವಾಹನದಲ್ಲಿ ಒಲೆ ಉರಿಸಿ ಮಲಗಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.
4. ಜೋಡಿಸಿದ ಮೇಲೆ ವಾಲ್ವ್ ಮತ್ತು ಪೈಪಿನ ತುದಿಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ಎಂದೂ ಪರೀಕ್ಷಿಸಬೇಡಿ.

ಗ್ಯಾಸ್ ವಾಸನೆ ಬಂದರೆ?

ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಮನೆಯಲ್ಲಾದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ವಾಹನದಲ್ಲಾದರೆ ಪಕ್ಕಕ್ಕೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಬಾಗಿಲು ತೆರೆದಿಟ್ಟು ದೂರ ಹೋಗಿ. ವಾಸನೆ ಹೋಗುವವರೆಗೆ ಸೆಲ್ಫ್ ಹಾಕಬೇಡಿ. ದೂರ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಇದು ಅಡುಗೆ ಅನಿಲ ಸೋರಿಕೆಗೆಂದೇ ಇರುವ ತುರ್ತು ಸಹಾಯವಾಣಿ.

ಒಟ್ಟಿನಲ್ಲಿ ಹೇಳುವುದಾದರೆ

ಸಿಲಿಂಡರ್‌ಗೆ ಎಕ್ಸ್‌ಪೈರಿ ಡೇಟ್ ಇದೆ, ಅದು ದಾಟಿದರೆ ಸಿಡಿಯುತ್ತದೆ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಇರುವುದು ಪರೀಕ್ಷೆಯ ದಿನಾಂಕ. ಏಜೆನ್ಸಿಗೆ ಮರಳುವ ಸಿಲಿಂಡರನ್ನು ಬೇರೆಯವರು ಪರೀಕ್ಷಿಸುತ್ತಾರೆ. ಮೂಲೆಯಲ್ಲಿ ಉಳಿದದ್ದನ್ನು, ವಾಹನದಲ್ಲಿ ಸಾಗುವುದನ್ನು ನಾವೇ ನೋಡಿಕೊಳ್ಳಬೇಕು. ಕೆಂಚಾರ್ಲಹಳ್ಳಿಯ ಓದುಗರಿಗೂ ನಾವು ಹೇಳುವುದು ಇಷ್ಟೇ: ಆ ಹಳೆಯ ಸಿಲಿಂಡರನ್ನು ಟಿಟಿಗೆ ಹತ್ತಿಸಬೇಡಿ, ಏಜೆನ್ಸಿಗೆ ಹಿಂತಿರುಗಿಸಿ.