ಗುಜರಿ ಟ್ರಾನ್ಸ್‌ಫಾರ್ಮರುಗಳೂ ಹವ್ಯಾಸಿಗಳ ಕಿಡಿ ಪ್ರಯೋಗಗಳೂ

ಅಧಿಕ ವೋಲ್ಟೇಜಿನ ಹವ್ಯಾಸಿ ಪ್ರಯೋಗಗಳ ಇತಿಹಾಸವನ್ನು ಪ್ರಯೋಗಶಾಲೆಗಳಿಗಿಂತ ಹೆಚ್ಚಾಗಿ ಗುಜರಿ ಅಂಗಡಿಗಳೇ ರೂಪಿಸಿವೆ. ಆಯಾ ಕಾಲದ ಉದ್ಯಮವು ಯಾವ ಯಂತ್ರವನ್ನು ಬಳಸಿ ಮೂಲೆಗೆಸೆಯಿತೋ ಅದರೊಳಗಿನ ಟ್ರಾನ್ಸ್‌ಫಾರ್ಮರೇ ಹವ್ಯಾಸಿಗಳ ಕಿಡಿ ಎಷ್ಟು ಉದ್ದವಾಗಬೇಕು, ಅವರಿಗೆ ಎದುರಾಗುವ ಅಪಾಯ ಎಷ್ಟು ಎಂಬೆರಡನ್ನೂ ನಿರ್ಧರಿಸಿದೆ.

ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾದ್ರಿ ನಿಕೊಲಾಸ್ ಕ್ಯಾಲನ್ 1836ರಲ್ಲಿ ನಿರ್ಮಿಸಿದ, ಮುಂದೆ ಪ್ಯಾರಿಸಿನ ರೂಮ್‌ಕೋರ್ಫ್ ಸುಧಾರಿಸಿದ ಪ್ರೇರಣ ಸುರುಳಿಯಲ್ಲಿ, ದಪ್ಪ ತಂತಿಯ ಕೆಲವೇ ಸುತ್ತುಗಳಲ್ಲಿ ಹರಿಯುವ ಪ್ರವಾಹವನ್ನು ಕಡಿದಾಗಲೆಲ್ಲ ಅದರ ಜೊತೆಗಿರುವ ಸಪೂರ ತಂತಿಯ ಸಾವಿರಾರು ಸುತ್ತುಗಳಲ್ಲಿ ಅಧಿಕ ವೋಲ್ಟೇಜು ಹುಟ್ಟುತ್ತದೆ. ಈ ಉಪಕರಣವನ್ನು ಸಾಮಾನ್ಯರ ಕೈಗೆ ತಲುಪಿಸಿದ್ದು ವಿಜ್ಞಾನವಲ್ಲ, ಮೋಟಾರು ಕಾರು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪ್ರತಿ ಸಿಲಿಂಡರಿಗೂ ಮರದ ಪೆಟ್ಟಿಗೆಯೊಳಗಿನ ಇಂಥದೊಂದು ಸುರುಳಿಯಿತ್ತು. ಅಮೆರಿಕದ ಆರಂಭಕಾಲದ ರೇಡಿಯೋ ಹವ್ಯಾಸಿಗಳಲ್ಲಿ ಅನೇಕರು ತಮ್ಮ ಕಿಡಿ ಪ್ರೇಷಕಗಳನ್ನು ಕಟ್ಟಿದ್ದು ಇವುಗಳಿಂದಲೇ.

ಎರಡನೆಯ ಘಟ್ಟವನ್ನು ತೆರೆದದ್ದು ಜಾಹೀರಾತು ಫಲಕ. ಜಾರ್ಜ್ ಕ್ಲೋಡ್ 1910ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ನಿಯಾನ್ ದೀಪದ ಸ್ವಭಾವವೊಂದು ವಿಚಿತ್ರವಾದುದು: ಕೊಳವೆ ಒಮ್ಮೆ ಹೊತ್ತಿಕೊಂಡಿತೆಂದರೆ, ತಡೆಯುವವರಿಲ್ಲದಿದ್ದರೆ, ಅದರೊಳಗಿನ ಪ್ರವಾಹ ಏರುತ್ತಲೇ ಹೋಗುತ್ತದೆ. ಆದ್ದರಿಂದ ಅದರ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳಿನಲ್ಲೇ ಕಾಂತಕ್ಷೇತ್ರದ ಒಂದು ಪಾಲನ್ನು ಬೇರೆ ದಾರಿಗೆ ಹರಿಸುವ ತುಂಡುಗಳನ್ನಿಟ್ಟು, 15,000 ವೋಲ್ಟಿನ ತುದಿಗಳು ಒಂದಕ್ಕೊಂದು ತಗುಲಿದರೂ ಪ್ರವಾಹ 30 ಅಥವಾ 60 ಮಿಲಿಆಂಪಿಯರನ್ನು ಹೆಚ್ಚು ಮೀರದಂತೆ ಮಾಡಲಾಯಿತು. ದೀಪಕ್ಕಾಗಿ ಮಾಡಿದ ಈ ಕಡಿವಾಣವು ಹವ್ಯಾಸಿಗಳಿಗೆ ಕೇಳದೆ ಬಂದ ವರವಾಯಿತು. ಕಿಡಿಯಂಥ ಅಶಿಸ್ತಿನ ಹೊರೆಯನ್ನೂ ತಾಳಿಕೊಳ್ಳುವ ಈ ಟ್ರಾನ್ಸ್‌ಫಾರ್ಮರಿನಿಂದ ಕೆಪಾಸಿಟರನ್ನು ತುಂಬಿಸಿ, ಕಿಡಿಯ ಮೂಲಕ ಅದನ್ನು ಬರಿದು ಮಾಡಿ, ಒಂದೇ ಕಂಪನಾಂಕಕ್ಕೆ ಹೊಂದಿಸಿದ ಎರಡು ಸುರುಳಿಗಳಲ್ಲಿ ಮಿಂಚು ಎಬ್ಬಿಸುವ ಟೆಸ್ಲಾ ಸುರುಳಿ ಮನೆಯ ಗ್ಯಾರೇಜಿಗೆ ಬಂದಿತು. ಅಂದ ಮಾತ್ರಕ್ಕೆ ಅದು ನಿರಪಾಯಕಾರಿಯೆಂದಲ್ಲ. ಹೃದಯದ ಲಯ ತಪ್ಪಿಸಲು ಕೆಲವು ಹತ್ತು ಮಿಲಿಆಂಪಿಯರುಗಳೇ ಸಾಕು.

ಚಿತ್ರನಳಿಕೆಯ ಟೆಲಿವಿಷನ್ ಬಿಟ್ಟುಹೋದದ್ದು ಭಾರತದ ರಿಪೇರಿಗಾರರು ಇ.ಎಚ್.ಟಿ. ಎಂದು ಕರೆಯುವ ಭಾಗ. ನಮ್ಮಲ್ಲಿ ಬಳಕೆಯಲ್ಲಿದ್ದ 625 ಗೆರೆಗಳ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಬಾರಿ ಮಿಡಿಯುತ್ತಿದ್ದ ಈ ಪುಟ್ಟ ಟ್ರಾನ್ಸ್‌ಫಾರ್ಮರು ಬಣ್ಣದ ಟಿ.ವಿ.ಗಳಲ್ಲಿ 25,000 ವೋಲ್ಟಿನ ಆಸುಪಾಸು ಒದಗಿಸುತ್ತಿತ್ತು. ಕಿಡಿ ಸಣ್ಣದು, ಸಾಮಗ್ರಿ ಅಗ್ಗ.

ಮೈಕ್ರೋವೇವ್ ಒಲೆಯೊಂದಿಗೆ ಲೆಕ್ಕವೇ ತಲೆಕೆಳಗಾಯಿತು. ಅದರ ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಸುಮಾರು 2,000 ಮಾತ್ರ, ನಿಯಾನಿನದಕ್ಕಿಂತ ಎಷ್ಟೋ ಕಡಿಮೆ. ಆದರೆ ಪ್ರವಾಹ ನೂರಾರು ಮಿಲಿಆಂಪಿಯರುಗಳಷ್ಟು. ದೊಡ್ಡ ವೋಲ್ಟೇಜೇ ದೊಡ್ಡ ಅಪಾಯವೆಂಬ ಜನಸಾಮಾನ್ಯ ತಿಳಿವಳಿಕೆ ಇಲ್ಲಿ ಪ್ರಾಣಕ್ಕೇ ಎರವಾಗುತ್ತದೆ. ಜರ್ಮನಿಯ ಲಿಚ್ಟೆನ್‌ಬರ್ಗ್ 18ನೆಯ ಶತಮಾನದಲ್ಲಿ ವಿದ್ಯುತ್ತಿನ ಕವಲುಗಳನ್ನು ಧೂಳಿನಲ್ಲಿ ಮೂಡಿಸಿ ನೋಡಿದ್ದನು. ಅದೇ ಆಕೃತಿಗಳನ್ನು ಒದ್ದೆ ಮರದ ಮೇಲೆ ಈ ಟ್ರಾನ್ಸ್‌ಫಾರ್ಮರಿನಿಂದ ಸುಟ್ಟು ಅಲಂಕರಿಸುವ ಇತ್ತೀಚಿನ ಹುಚ್ಚು ಹಲವರನ್ನು ಬಲಿತೆಗೆದುಕೊಂಡಿದ್ದರಿಂದ ಅಮೆರಿಕದ ಮರಕಡೆಯುವವರ ಸಂಘವು ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ. ಇದೇ ಟ್ರಾನ್ಸ್‌ಫಾರ್ಮರಿನ ಹೆಚ್ಚು ವಿವೇಕದ ಬಳಕೆಯಲ್ಲಿ ಅಧಿಕ ವೋಲ್ಟೇಜಿನ ಸುತ್ತನ್ನೇ ಕತ್ತರಿಸಿ ತೆಗೆದು, ಅಲ್ಲಿ ದಪ್ಪ ಕೇಬಲ್ಲನ್ನು ಎರಡು ಮೂರು ಸುತ್ತು ಹಾಯಿಸಿ, ಎರಡು ಮೂರು ವೋಲ್ಟಿನಲ್ಲಿ ನೂರಾರು ಆಂಪಿಯರ್ ಹರಿಸಿ ತೆಳು ತಗಡುಗಳನ್ನು ಬೆಸೆಯಲಾಗುತ್ತದೆ.