ಕಪ್ಪು ನಂಬರ್ ಪ್ಲೇಟಿನ ಜಾವಾ

2017ರ ಮಳೆಗಾಲದ ಒಂದು ಬೆಳಿಗ್ಗೆ ಪುಣೆಯ ಕರ್ವೆ ರಸ್ತೆಯಲ್ಲಿ ಟ್ರಾಫಿಕ್ ಹವಾಲ್ದಾರರೊಬ್ಬರು ನನಗೆ ಕೈ ಅಡ್ಡ ಹಾಕಿದರು. 'ಕಾಕಾ, ಗಾಡಿ ಬಾಜೂಲಾ ಘ್ಯಾ.' ಪಕ್ಕಕ್ಕೆ ತಗೊಂಡೆ. ಹೆಲ್ಮೆಟ್ ತಲೆ ಮೇಲಿತ್ತು, ಲೈಸೆನ್ಸ್ ಜೇಬಿನಲ್ಲಿತ್ತು, ಸಿಗ್ನಲ್ ಹಾರಿಸಿರಲಿಲ್ಲ. ಆದರೆ ಅವರ ಕಣ್ಣು ನೆಟ್ಟಿದ್ದು ಕಪ್ಪು ನಂಬರ್ ಪ್ಲೇಟಿನ ಮೇಲೆ. 'ಹಾ ನಂಬರ್ ಕುಠಲಾ?' ಅಂತ ಕೇಳಿದರು. ಈ ನಂಬರು ಎಲ್ಲಿಯದು?

ಮೈಸೂರಿನದು ಅಂದೆ. ಕರ್ನಾಟಕ ಅಂದ್ರೆ ಕೆ.ಎ. ಅಲ್ವಾ ಅಂದರು. ಇದು ಕೆ.ಎ. ಬರೋದಕ್ಕಿಂತ ಇಪ್ಪತ್ತು ವರ್ಷ ಹಿಂದಿನದು ಅಂದೆ. ಕೈಯಲ್ಲಿದ್ದ ಚಲನ್ ಯಂತ್ರದಲ್ಲಿ ನಂಬರು ಒತ್ತಿದರು. ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಒತ್ತಿದರು. ಯಂತ್ರದ ಲೆಕ್ಕದಲ್ಲಿ ಅಂಥ ಗಾಡಿಯೇ ಇಲ್ಲ. ಎದುರಿಗೆ ಮಾತ್ರ ಎರಡು ಸೈಲೆನ್ಸರಿನಿಂದ ಹೊಗೆ ಬಿಡುತ್ತಾ ನಿಂತಿದೆ! ಕೊನೆಗೆ ನಾನು ಪ್ಲಾಸ್ಟಿಕ್ ಚೀಲದಿಂದ ಹಳೆಯ ಆರ್.ಸಿ. ಪುಸ್ತಕ ತೆಗೆದೆ. ಮಡಿಕೆಯಲ್ಲಿ ಹರಿದ ಆ ಪುಸ್ತಕವನ್ನು ಅವರು ಪಂಚಾಂಗ ನೋಡುವ ಹಾಗೆ ತಿರುವಿ ನೋಡಿ, ಒಂದೇ ಪ್ರಶ್ನೆ ಕೇಳಿದರು: 'ಪುಣೆಗೆ ಬಂದು ಎಷ್ಟು ದಿನ ಆಯ್ತು?'

ನಾನು ಬಂದು ಇಪ್ಪತ್ತೊಂಬತ್ತು ವರ್ಷ. ಗಾಡಿ ಬಂದು ಹತ್ತು ತಿಂಗಳು. ಅವರು ಕೇಳಿದ್ದು ಗಾಡಿಯ ವಿಷಯ ಅಂತ ನನಗೆ ಹೊಳೆಯುವುದಕ್ಕೆ ಒಂದು ಕ್ಷಣ ಬೇಕಾಯಿತು.

'ಹನ್ನೆರಡು ತಿಂಗಳೊಳಗೆ ಇಲ್ಲಿಯ ನಂಬರು ಮಾಡಿಸ್ಕೊಳ್ಳಿ, ಕಾಕಾ' ಅಂತ ಹೇಳಿ ಬಿಟ್ಟರು. ದಂಡ ಹಾಕಲಿಲ್ಲ. ಆದರೆ ಆ ಹನ್ನೆರಡು ತಿಂಗಳ ಮಾತು ನನ್ನ ಹಿಂದೆಯೇ ಮನೆಗೆ ಬಂತು.

ಈ ಗಾಡಿಯನ್ನು ನಮ್ಮ ತಂದೆಯವರು ಕೊಂಡದ್ದು 1969ರಲ್ಲಿ. ಮೈಸೂರಿನವರಿಗೆ ಜಾವಾ ಅಂದರೆ ವಿವರಿಸಿ ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ ನಮ್ಮದೂ ಒಂದು. ಆದರೆ ನಮ್ಮೂರಿನದೇ ಅಂತ ನಾವು ಎದೆ ತಟ್ಟಿಕೊಳ್ಳುವ ಈ ಗಾಡಿಯ ಮೂಲ ನೋಡಿದರೆ ಅದೂ ನಮ್ಮ ಹಾಗೆ ವಲಸೆಗಾರನೇ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಮಾಡಿದ. ಅದನ್ನು ಭಾರತದಲ್ಲಿ ತಯಾರಿಸಲು ಹೊರಟವರು ಮುಂಬೈಯ ಪಾರಸಿಗಳು, ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ. 1961ರ ಹೊತ್ತಿಗೆ ಮೈಸೂರಿನಲ್ಲಿ ಗಾಡಿಗಳು ತಯಾರಾಗತೊಡಗಿದವು. ಜರ್ಮನಿ, ಪ್ರಾಗ್, ಮುಂಬೈ ದಾಟಿ ಬಂದ ಗಾಡಿ ಕೊನೆಗೆ ಮೈಸೂರಿನ ಮಗನಾಯಿತು.

ಜೆಕ್ ಕಂಪನಿಯೊಡನೆ ಒಪ್ಪಂದದ ಕಾಲ ಮುಗಿದ ಮೇಲೆ ಅದೇ ಕಾರ್ಖಾನೆಯ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. ಅದು ಹೆಚ್ಚುಕಡಿಮೆ 1973ರ ಸುಮಾರು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ನಮ್ಮ ಮನೆಯ ಗಾಡಿ ಮಾತ್ರ ಎರಡೂ ಹಳೆಯ ಹೆಸರುಗಳನ್ನು ಹೊತ್ತುಕೊಂಡೇ ಓಡಾಡಿತು. ಟ್ಯಾಂಕಿನ ಮೇಲೆ ಜಾವಾ, ಪ್ಲೇಟಿನ ಮೇಲೆ ಎಂ.ವೈ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಪ್ಲೇಟಿನ ಕಥೆಯನ್ನೂ ಹೇಳಿಬಿಡುತ್ತೇನೆ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಮೂರು ಅಕ್ಷರ, ಆಮೇಲೆ ಅಂಕಿ. ಎಂ.ವೈ. ಎಂದು ಶುರುವಾದರೆ ಮೈಸೂರು ರಾಜ್ಯದ ಗಾಡಿ. ಖಾಸಗಿ ವಾಹನಕ್ಕೆ ಕಪ್ಪು ಹಲಗೆ, ಬಿಳಿ ಅಕ್ಷರ. ನಮ್ಮ ಪ್ಲೇಟನ್ನು ಪೇಂಟರೊಬ್ಬರು ಕುಂಚದಲ್ಲಿ ಬರೆದದ್ದು. ಅಂಕಿಗಳಿಗೆ ಸಿನಿಮಾ ಬೋರ್ಡಿನ ಹಾಗೆ ಬಳುಕು ಇತ್ತು. 1988ರ ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ರಾಜ್ಯಕ್ಕೆ ಎರಡಕ್ಷರ, ಕಚೇರಿಗೆ ಎರಡಂಕಿ ಎಂಬ ಪದ್ಧತಿ ಬಂತು. ಮೈಸೂರು ಕೆ.ಎ. 09 ಆಯಿತು, ಪುಣೆ ಎಂ.ಎಚ್. 12 ಆಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಖಾಸಗಿ ವಾಹನಗಳ ಬಣ್ಣವೂ ಅದಲುಬದಲಾಗಿ ಬಿಳಿ ಹಲಗೆಗೆ ಕಪ್ಪು ಅಕ್ಷರ ಬಂತು. ಹಳೆಯ ನಂಬರು ಇಟ್ಟುಕೊಂಡಿದ್ದರೆ ತಪ್ಪಿಲ್ಲ, ಹಳೆಯ ಬಣ್ಣ ಇಟ್ಟುಕೊಂಡರೆ ತಪ್ಪು. ಹಾಗಾಗಿ ಕರ್ವೆ ರಸ್ತೆಯಲ್ಲಿ ನನಗೆ ದಂಡ ಹಾಕಿದ್ದರೂ ಅನ್ಯಾಯ ಅನ್ನುವಂತಿರಲಿಲ್ಲ.

ಹಳೆಯ ಗಾಡಿ ಓಡಿಸುವವರು ರಸ್ತೆಯಲ್ಲಿ ಪದೇ ಪದೇ ಕೇಳುವ ಮಾತು ಒಂದಿದೆ: 'ಹದಿನೈದು ವರ್ಷ ಆಯ್ತಲ್ಲ, ಬ್ಯಾನ್ ಅಲ್ವಾ?' ಅಲ್ಲ. ನೋಂದಣಿ ಹದಿನೈದು ವರ್ಷಕ್ಕೆ ಸಿಗುತ್ತದೆ, ಆಮೇಲೆ ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಹೊಗೆಯ ಪರೀಕ್ಷೆಯೂ ಹಾಗೆಯೇ. 2000ದ ಮಾರ್ಚ್‌ವರೆಗೆ ತಯಾರಾದ ದ್ವಿಚಕ್ರಕ್ಕೆ ಇಂಗಾಲದ ಮಾನಾಕ್ಸೈಡ್ ಶೇ. 4.5ರೊಳಗೆ ಇರಬೇಕು. ಅಜ್ಜನಿಗೆ ಮೊಮ್ಮಗನ ಪರೀಕ್ಷೆ ಇಟ್ಟಿಲ್ಲ. ಕಾರ್ಬೊರೇಟರ್ ಸರಿಯಾಗಿ ಕೂರಿಸಿ, ಪೆಟ್ರೋಲಿಗೆ ಎಣ್ಣೆ ಅಳತೆ ಮಾಡಿ ಬೆರೆಸಿದರೆ ನನ್ನ ಗಾಡಿ ಪಾಸಾಗುತ್ತದೆ. ಎಣ್ಣೆ ಕೈಯಳತೆಯಲ್ಲಿ ಸುರಿದ ದಿನ ಫೇಲಾಗುತ್ತದೆ. ಕಾಗದಗಳನ್ನು ಮೊಬೈಲಿನಲ್ಲಿ ತೋರಿಸಿದರೂ ಒಪ್ಪಬೇಕು ಅಂತ 2018ರಲ್ಲಿ ನಿಯಮ ಬಂತು. ಆದರೆ ಯಂತ್ರವೇ ಗುರುತಿಸದ ನಂಬರಿಗೆ ಮೊಬೈಲು ಏನು ಮಾಡೀತು? ಹಳೆಯ ಆರ್.ಸಿ. ಪುಸ್ತಕದ ವಿವರಗಳನ್ನು ಆರ್.ಟಿ.ಒ.ದಲ್ಲಿ ಕಂಪ್ಯೂಟರಿಗೆ ಏರಿಸಿಕೊಳ್ಳುವವರೆಗೆ ಪುಸ್ತಕವೇ ಗತಿ.

ದಿಲ್ಲಿಯ ಕನ್ನಡಿಗರ ಪಾಡು ಬೇರೆ. ಅಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ರಸ್ತೆಗೆ ಇಳಿಯಬಾರದು ಅಂತ 2014ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಜಾರಿ ಮಾಡಲು ಹೇಳಿತು. ಅಲ್ಲಿದ್ದ ನನ್ನ ಗೆಳೆಯರೊಬ್ಬರು ತಮ್ಮ ಯೆಜ್ಡಿಯನ್ನು ಗೋಣಿತಾಟಿನಲ್ಲಿ ಸುತ್ತಿ ರೈಲಿನ ಪಾರ್ಸಲ್ಲಿನಲ್ಲಿ ಊರಿಗೆ ಕಳಿಸಿದರು. 'ನಾನು ರಿಟೈರಾದ ಮೇಲೆ ಊರಿಗೆ ಹೋಗ್ತೀನಿ ಅಂತಿದ್ದೆ, ನನಗಿಂತ ಮೊದಲು ಅದು ಹೋಯ್ತು ನೋಡಿ' ಅಂದರು ಫೋನಿನಲ್ಲಿ. ಪುಣೆಯಲ್ಲಿ ಅಷ್ಟು ಕಷ್ಟ ಇರಲಿಲ್ಲ. ನನ್ನ ತೊಡಕು ನಾನೇ ಕಟ್ಟಿಕೊಂಡದ್ದು.

ತಂದೆಯವರು ತೀರಿಕೊಂಡದ್ದು 2004ರಲ್ಲಿ. ಗಾಡಿ ನನ್ನ ಹೆಸರಿಗಾಯಿತು, ಆದರೆ ಮೈಸೂರಿನ ಮನೆಯಲ್ಲೇ ಅಮ್ಮನ ಕಣ್ಣೆದುರು ನಿಂತಿತ್ತು. ಅಮ್ಮ ಹೋದ ಮೇಲೆ 2016ರಲ್ಲಿ ಮನೆ ಮಾರಿದೆವು. ಮನೆಯ ಸಾಮಾನುಗಳಲ್ಲಿ ಪುಣೆಗೆ ಬಂದದ್ದು ಒಂದು ಒರಳು ಮತ್ತು ಈ ಜಾವಾ. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿಯ ನಂಬರು ತೆಗೆದುಕೊಳ್ಳಬೇಕು ಎನ್ನುತ್ತದೆ ಕಾಯ್ದೆಯ 47ನೇ ಕಲಂ. ಹವಾಲ್ದಾರರು ಹೇಳಿದ್ದು ಅದನ್ನೇ. ಹನ್ನೆರಡು ತಿಂಗಳು ಕಳೆಯಿತು, ಇಪ್ಪತ್ನಾಲ್ಕೂ ಕಳೆಯಿತು. ಇವತ್ತು ನಾಳೆ ಅಂತ ಮುಂದೂಡಿದೆ. ನನ್ನ ರೇಷನ್ ಕಾರ್ಡು, ವೋಟು, ಮಗನ ಶಾಲೆ ಎಲ್ಲವನ್ನೂ ಹಿಂದುಮುಂದು ನೋಡದೆ ಪುಣೆಗೆ ಬರೆದುಕೊಟ್ಟ ನಾನು, ತಂದೆಯವರ ಗಾಡಿಯ ನಂಬರಿನ ಹತ್ತಿರ ಬಂದು ನಿಂತುಬಿಟ್ಟಿದ್ದೆ. ಭಾನುವಾರ ಮಾತ್ರ, ಪೊಲೀಸರಿಲ್ಲದ ಗಲ್ಲಿಗಳಲ್ಲಿ ಕಳ್ಳನ ಹಾಗೆ ಓಡಿಸುತ್ತಿದ್ದೆ.

2021ರಲ್ಲಿ ಐದು ವರ್ಷದ ನವೀಕರಣ ಮುಗಿಯುತ್ತಾ ಬಂತು. ಅದೇ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ, ಚತುಶ್ಚಕ್ರಗಳಿಗೆ ಅನ್ವಯ. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರದ ಮುಂದೆ ವಿ.ಎ. ಎಂಬ ಗುರುತು, ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಮೊದಲೇ ನೋಂದಣಿ ಇದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು! ಪತ್ರಿಕೆಯಲ್ಲಿ ಓದಿದ ದಿನ ನಾನು ಮಗನನ್ನು ಕೂಗಿ ಕರೆದೆ. 'ಅಪ್ಪಾ, ಪೂರ್ತಿ ಓದಿದ್ರಾ?' ಅಂದ ಅವನು. ಕೆಳಗಿನ ಸಾಲಿನಲ್ಲಿ ಇತ್ತು: ವಿಂಟೇಜ್ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೋಗಬಹುದು. ತರಕಾರಿಗೆ ಹೋಗುವಂತಿಲ್ಲ.

ಎರಡೇ ದಾರಿ. ನಂಬರು ಉಳಿಸಿಕೊಂಡು ಗಾಡಿಯನ್ನು ಮನೆಯಲ್ಲಿ ಕೂರಿಸುವುದು, ಇಲ್ಲ ನಂಬರು ಬಿಟ್ಟುಕೊಟ್ಟು ಗಾಡಿ ಓಡಿಸುವುದು. ಹೆಂಡತಿ ಮಾತ್ರ ಸೀದಾ ಕೇಳಿದಳು: 'ಮಾವನೋರು ಅದನ್ನ ಯಾವತ್ತಾದ್ರೂ ಬರೀ ಒರೆಸಿ ಇಟ್ಟಿದ್ರಾ?' ಇಲ್ಲ. ಮುಂದೆ ನನ್ನನ್ನು, ಹಿಂದೆ ಅಮ್ಮನನ್ನು, ಪಕ್ಕದಲ್ಲಿ ಅಕ್ಕಿ ಚೀಲವನ್ನು ಹೇರಿಕೊಂಡು ನಂಜನಗೂಡಿನವರೆಗೆ ಹೋದವರು ಅವರು.

ಮೈಸೂರಿನಿಂದ ಎನ್.ಓ.ಸಿ. ತರಿಸಿದೆ. ಇಲ್ಲಿಯ ತೆರಿಗೆ ಕಟ್ಟಿದೆ. ಓಡಾಟದಲ್ಲೇ 2022 ಬಂತು. ಅಷ್ಟರಲ್ಲಿ ಆ ಏಪ್ರಿಲ್‌ನಿಂದ ಹಳೆಯ ಬೈಕಿನ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತ್ತು. ಆರ್.ಟಿ.ಒ. ಅಂಗಳದಲ್ಲಿ ಇನ್ಸ್‌ಪೆಕ್ಟರು ಚಾಸಿಯ ಮೇಲೆ ಕಾಗದ ಹಿಡಿದು ಪೆನ್ಸಿಲಿನಿಂದ ಉಜ್ಜಿದರು. ಯಾದವಗಿರಿಯಲ್ಲಿ ಹೊಡೆದ ಅಂಕಿಗಳು ಒಂದೊಂದೇ ಮೇಲೆ ಬಂದವು. ಕಿಕ್ಕರ್ ಎಲ್ಲಿ, ಗೇರ್ ಎಲ್ಲಿ ಅಂತ ಕೇಳಿದರು. ಎರಡೂ ಒಂದೇ ಕಡ್ಡಿ ಅಂತ ತೋರಿಸಿದೆ. ಒದ್ದು ಚಾಲೂ ಮಾಡಿ, ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಿದ್ದು ನೋಡಿ ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ಹತ್ತಿರ ಬಂದರು. ವಾರ ಕಳೆದು ಎಂ.ಎಚ್. 12 ಬಂತು. ನಾನಾ ಪೇಟೆಯ ಅಂಗಡಿಯಲ್ಲಿ ಹಳೆಯ ಪ್ಲೇಟು ಬಿಚ್ಚುವಾಗ ಬೋಲ್ಟು ತುಕ್ಕು ಹಿಡಿದು ಕದಲಲಿಲ್ಲ. ಹುಡುಗ ಕತ್ತರಿಸಲು ಹೊರಟ. ಬೇಡ ಅಂತ ಹೇಳಿ, ಸೀಮೆಎಣ್ಣೆ ಬಿಟ್ಟು, ಒಂದು ಗಂಟೆ ಕಾದು ಬಿಚ್ಚಿಸಿಕೊಂಡೆ.

2023ರ ಜುಲೈಯಲ್ಲಿ ಮೂರು ಗಾಡಿಗಳಲ್ಲಿ ನಾವು ಮೈಸೂರಿಗೆ ಹೊರಟೆವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಅಭಿಮಾನಿಗಳು ಸೇರುತ್ತಾರೆ. ಕೊಲ್ಹಾಪುರ, ಬೆಳಗಾವಿ, ದಾವಣಗೆರೆ ದಾಟಿ, ಮಳೆಯಲ್ಲಿ ನೆಂದು, ಎರಡು ಸಲ ಪ್ಲಗ್ ಉಜ್ಜಿ, ಮೂರನೇ ದಿನ ಸಂಜೆ ಊರು ಸೇರಿದೆವು. ಒಂದು ಸರ್ಕಲ್ಲಿನಲ್ಲಿ ಪೊಲೀಸಿನ ಹುಡುಗ ಕೈ ತೋರಿಸಿದ. ಎಂ.ಎಚ್. ನೋಡಿ ಹಿಂದಿಯಲ್ಲಿ ಶುರುಮಾಡಿದ: 'ಕಹಾಂ ಸೇ ಆಯಾ? ಕಿತನಾ ದಿನ ಹುವಾ?'

ನಾನು ಹುಟ್ಟಿದ ಆಸ್ಪತ್ರೆ ಅಲ್ಲಿಂದ ಅರ್ಧ ಮೈಲಿ. ಒಂದು ಕ್ಷಣ ಬಾಯಿ ಕಟ್ಟಿತು. ಆಮೇಲೆ ಹೇಳಿದೆ, 'ಇವತ್ತೇ ಬಂದಿದ್ದು ಕಣಪ್ಪ. ನಾನು ಇಲ್ಲಿಯವನೇ.'

ಅವನಿಗೆ ನಾಚಿಕೆಯಾಯಿತು. ಕಾಗದ ಕೇಳಲಿಲ್ಲ. ಟ್ಯಾಂಕಿನ ಮೇಲೆ ಕೈಯಿಟ್ಟು, 'ಗಾಡೀನೂ ಇಲ್ಲಿಂದೇ ಅಲ್ವಾ ಸಾರ್? ನಮ್ ತಾತ ಜಾವಾ ಫ್ಯಾಕ್ಟ್ರೀಲಿ ಇದ್ರು' ಅಂದ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. 'ಹೋಗಿ ಸಾರ್, ಹೋಗಿ' ಅಂತ ಅವನೇ ದಾರಿ ಬಿಡಿಸಿಕೊಟ್ಟ.

ಕಪ್ಪು ಪ್ಲೇಟು ಈಗ ಪುಣೆಯ ನಮ್ಮ ಅಡುಗೆಮನೆಯಲ್ಲಿ, ಒರಳಿನ ಮೇಲಿನ ಗೋಡೆಯಲ್ಲಿದೆ. ಗಾಡಿ ತರಕಾರಿಗೆ ಹೋಗುತ್ತದೆ.