ಮಗುವಿನ ಎತ್ತರ, ಮನೆಯ ಸ್ಥಿತಿ: ತೆಂಗಿನ ಸೀಮೆಯಿಂದ ಒಂದು ವಿಚಾರ

ಪ್ರಸ್ತಾವನೆ

ವಯಸ್ಸಿಗೆ ತಕ್ಕಷ್ಟು ಬೆಳೆಯದ ಮಗುವನ್ನು ಕಂಡರೆ ನಮ್ಮ ಹಳ್ಳಿಗಳಲ್ಲಿ ‘ಅವರ ವಂಶವೇ ಗಿಡ್ಡ’ ಎನ್ನುವುದುಂಟು. ಒಂದು ಮಗುವಿನ ಮಟ್ಟಿಗೆ ಅದು ನಿಜವಿರಬಹುದು. ಆದರೆ ಗಿಡ್ಡ ಮಕ್ಕಳು ಬಡವರ ಮನೆಗಳಲ್ಲೇ ಹೆಚ್ಚಾಗಿದ್ದರೆ ಆ ಉತ್ತರ ಸಾಲದು. ಬಾಲ್ಯದ ಕುಂಠಿತ ಬೆಳವಣಿಗೆ ವಂಶಕ್ಕಿಂತ ಹೆಚ್ಚಾಗಿ ಮನೆಯ ಸ್ಥಿತಿಯನ್ನು ಹೇಳುತ್ತದೆ ಎಂಬುದು ಈ ಲೇಖನದ ವಾದ.

ಅಳತೆಯ ಆಧಾರ

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಕ್ಕೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ಮಕ್ಕಳನ್ನು ಅಳೆಯಲಾಗಿತ್ತು. ಎದೆಹಾಲು, ಆಹಾರ, ಆರೈಕೆ ಸರಿಯಾಗಿ ಸಿಕ್ಕಿದಲ್ಲಿ ಆರೂ ದೇಶಗಳ ಮಕ್ಕಳು ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆಳೆದಿದ್ದರು. ಈ ಮಾನದಂಡದಲ್ಲಿ ಐದು ವರ್ಷದ ಹುಡುಗಿಯ ಮಧ್ಯಮ ಎತ್ತರ 109.4 ಸೆಂ.ಮೀ.; 99.9ಕ್ಕಿಂತ ಕಡಿಮೆಯಿದ್ದರೆ ಬೆಳವಣಿಗೆ ಕುಂಠಿತವಾಗಿದೆ ಎಂದರ್ಥ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 36.2ರಷ್ಟು ಕುಂಠಿತರಿದ್ದರು, ಐದನೇ ಸುತ್ತಿನಲ್ಲಿ (2019–21) ಶೇ. 35.4. ಇದೇ ಅವಧಿಯಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣ ಶೇ. 26.1ರಿಂದ 19.5ಕ್ಕೆ ಇಳಿಯಿತು. ಸೊರಗಿದ ಮೈ ಕೆಲವು ತಿಂಗಳ ಆರೈಕೆಯಲ್ಲಿ ತುಂಬಿಕೊಳ್ಳುತ್ತದೆ. ತಪ್ಪಿಹೋದ ಎತ್ತರ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ.

ಸಾಮಾಜಿಕ ಅಂತರ

ಐದನೇ ಸುತ್ತಿನ ಪ್ರಕಾರ, ದೇಶದ ಅತಿ ಬಡ ಐದನೇ ಒಂದು ಭಾಗದ ಮನೆಗಳಲ್ಲಿ ಶೇ. 46ರಷ್ಟು ಮಕ್ಕಳು ಕುಂಠಿತರು. ಅತಿ ಸಿರಿವಂತ ಭಾಗದಲ್ಲಿ ಶೇ. 23. ಶಾಲೆಯ ಮೆಟ್ಟಿಲು ಹತ್ತದ ತಾಯಂದಿರ ಮಕ್ಕಳಲ್ಲಿ ಶೇ. 46, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರ ಮಕ್ಕಳಲ್ಲಿ ಶೇ. 26.

ಈ ಅಂತರ ಹೇಗೆ ಹುಟ್ಟುತ್ತದೆಂಬುದನ್ನು ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂಥ ತೆಂಗಿನ ಊರಿನಲ್ಲಿ ನಿಂತು ಯೋಚಿಸಬಹುದು. ತೋಟವುಳ್ಳವರು ಕಾಯಿಯನ್ನು ಅಟ್ಟಕ್ಕೇರಿಸಿ, ಸುಮಾರು ಒಂದು ವರ್ಷ ಬಿಟ್ಟು, ಒಳಗೆ ಒಣಗಿದ ಉಂಡೆ ಕೊಬ್ಬರಿಯನ್ನು ತಿಪಟೂರು ಮಾರುಕಟ್ಟೆಗೆ ಒಯ್ಯುತ್ತಾರೆ. ಕಾಯಿ ಸುಲಿಯುವ ಕೂಲಿಯವರಿಗೆ ಕಾಯುವ ಶಕ್ತಿಯಿಲ್ಲ. ಅಂದಿನ ಕೂಲಿಯಲ್ಲೇ ಅಂದಿನ ಅಡುಗೆ. ರಾಗಿಯಲ್ಲಿ ಸುಣ್ಣದಂಶ ಧಾರಾಳವಾಗಿದೆ. ಆದರೆ ಮುದ್ದೆಯ ಜೊತೆ ಬೇಳೆ, ಮೊಟ್ಟೆ, ಹಾಲು ಸೇರದಿದ್ದರೆ ಮಗುವಿಗೆ ಬೇಕಾದ ಪ್ರೋಟೀನು ಒದಗುವುದಿಲ್ಲ. ಪದೇ ಪದೇ ಬರುವ ಭೇದಿ ತಿಂದದ್ದನ್ನೂ ಮೈಗೆ ಹತ್ತಗೊಡುವುದಿಲ್ಲ.

ಆರೋಗ್ಯದ ನಂಟು

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಹೆರಿಗೆ ದಾಖಲೆಗಳಲ್ಲಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದಾಗ, ಹುಟ್ಟುತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಿತ್ತು. ಉದ್ದ ಕಡಿಮೆಯಿದ್ದು ಆ ಉದ್ದಕ್ಕೆ ಮೈ ದಪ್ಪವಿದ್ದವರಲ್ಲಿ ಮಧುಮೇಹ ಹೆಚ್ಚಿತ್ತು. ಕುಂಠಿತ ಹುಡುಗಿ ಗಿಡ್ಡ ತಾಯಿಯಾದಾಗ ಹೆರಿಗೆ ಕಷ್ಟವಾಗುವ, ಶಿಶುವಿನ ತೂಕ ಕಡಿಮೆಯಾಗುವ ಸಂಭವವೂ ಹೆಚ್ಚು. ಬಡತನ ‘ವಂಶ’ದಂತೆ ತೋರುವುದು ಹೀಗೆ.

ಉಪಸಂಹಾರ

ಈ ಸರಪಳಿ ತುಂಡಾಗಬೇಕಾದರೆ ಕುಂಠಿತ ಮಗುವನ್ನು ಬೇಗ ಗುರುತಿಸಬೇಕು, ಅದಕ್ಕೆ ಅಳತೆ ಸರಿಯಿರಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಒಬ್ಬರು ತಲೆಯನ್ನು ಹಲಗೆಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಮಂಡಿ ನೇರಮಾಡಿ, ಜಾರುವ ಹಲಗೆಯನ್ನು ಅಂಗಾಲಿಗೆ ತಾಗಿಸಬೇಕು. ಮಗು ಅಳುತ್ತದೆ, ಕೊಸರುತ್ತದೆ, ಎರಡು ಸೆಂ.ಮೀ. ತಪ್ಪಿದರೂ ಕುಂಠಿತ ಮಗು ಪಟ್ಟಿಯಿಂದ ಜಾರಿಹೋಗಬಹುದು. ಆದ್ದರಿಂದ ಪ್ರತಿ ಅಂಗನವಾಡಿಯಲ್ಲೂ ಈ ಅಳತೆಗೆ ಇಬ್ಬರು ಇರಲಿ. ಮಗುವಿನ ಉದ್ದದ ಪಕ್ಕದಲ್ಲೇ ತಾಯಿಯ ಎತ್ತರ, ತೂಕ, ರಕ್ತದ ಹಿಮೋಗ್ಲೋಬಿನ್ ಪ್ರಮಾಣವೂ ದಾಖಲಾಗಲಿ. ಅಟ್ಟದ ಕಾಯಿ ಒಳ್ಳೆಯ ಬೆಲೆಗೆ ಕಾಯಬಲ್ಲದು. ಮಗುವಿನ ಮೊದಲ ಎರಡು ವರ್ಷ ಕಾಯುವುದಿಲ್ಲ.